ನಾಲ್ಕು ಪಾಯಿಂಟ್ ನಾಲ್ಕರಲ್ಲಿ ಓಡಿದ ದನಿ

ಹುಬ್ಬಳ್ಳಿಯ ಡಾಕ್ಟರು ಕಾಕಾನ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡುತ್ತಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು ಅದೇ ಡಾಕ್ಟರನ್ನು ಅಣಕಿಸುವ ಅಭ್ಯಾಸ ಮಾಡುತ್ತಿದ್ದೆ. ಅವರು ಪ್ರತಿ ಮಾತಿಗೂ ಮೊದಲು ಮೂಗಿನಿಂದ ಒಂದು ‘ಹ್ಞೂಂ’ ತೆಗೆಯುತ್ತಿದ್ದರು. ಅದು ನನಗೆ ಹಿಡಿತಕ್ಕೆ ಬಂತು ಅನ್ನುವಷ್ಟರಲ್ಲಿ ಒಳಗಿನಿಂದ ಕರೆ ಬಂತು.

‘ಹ್ಞೂಂ, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗ್ತದ. ಎರಡು ವಾರ ಬಿಟ್ಟು ಸೋಮವಾರ ಆಪರೇಶನ್. ಹಿಂದಿನ ದಿವಸ ಬಂದು ಅಡ್ಮಿಟ್ ಆಗ್ರಿ. ಅದಕ್ಕಿಂತ ತಡ ಮಾಡಿದ್ರ ನನ್ನ ಕೈಯಾಗ ಏನೂ ಇರೂದಿಲ್ಲ.’

ಆ ಡಾಕ್ಟರನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಅಣಕಿಸಿಲ್ಲ. ಬರುತ್ತದೆ, ಆದರೆ ಮಾಡಿಲ್ಲ.

ಕಾಕಾ ನನ್ನ ಸಂಬಂಧಿಯಲ್ಲ, ಮಾಲೀಕರು. ಗಂಗಾವತಿಯ ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ರೆಕಾರ್ಡಿಂಗ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ತಲೆಯ ಮೇಲೆ ಹಾರ್ನ್ ಕಟ್ಟಿಕೊಂಡು ಓಣಿ ಓಣಿ ತಿರುಗುವ ಪ್ರಚಾರದ ಆಟೋಗಳಿಗೆ ಬೇಕಾದ ಮಾತನ್ನೆಲ್ಲ ನಾವು ರೆಕಾರ್ಡ್ ಮಾಡಿಕೊಡುತ್ತೇವೆ. ಸೀರೆ ಮಾರಾಟ, ಬೋರ್‌ವೆಲ್ ಪೈಪು, ಕಳೆದುಹೋದ ಎಮ್ಮೆ, ಎಲ್ಲಕ್ಕಿಂತ ಹೆಚ್ಚಾಗಿ ನಿಧನ ವಾರ್ತೆ. ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಆಟೋ ಕಟ್ಟಿ ಊರಿಗೆ ತಿಳಿಸುವುದು ರೂಢಿ, ಮತ್ತು ಆ ದನಿ ಕಾಕಾನದೇ ಆಗಿರಬೇಕು. ಕುಷ್ಟಗಿಯಿಂದ, ಹನುಮಸಾಗರದಿಂದ ಕೂಡ ಜನ ಫೋನ್ ಮಾಡಿ ಸತ್ತವರ ಹೆಸರು ಬರೆಸುತ್ತಿದ್ದರು. ಉಳಿದ ಸಣ್ಣಪುಟ್ಟ ದನಿಗಳಿಗೆ ನಾನು. ಗೊಬ್ಬರದ ಜಾಹೀರಾತಿನ ಅಜ್ಜಿ ನಾನೇ, ಸೀರೆ ಅಂಗಡಿಯ ಹೊಸ ಸೊಸೆ ನಾನೇ, ಬಿಸ್ಕತ್ತು ಕೇಳಿ ಅಳುವ ಮಗುವೂ ನಾನೇ. ನನ್ನ ಸ್ವಂತ ದನಿಯನ್ನು ಮಾತ್ರ ಇದುವರೆಗೆ ಯಾರೂ ಕೇಳಿಕೊಂಡು ಬಂದಿಲ್ಲ.

ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ಕಾಕಾ ಬಾಯಿ ಬಿಟ್ಟದ್ದು ಕೊಪ್ಪಳ ದಾಟಿದ ಮೇಲೆ. ಆಗಲೇ ದನಿ ಹರಿದ ಗೋಣಿಚೀಲದಂತಾಗಿತ್ತು.

‘ನಾ ಹೋಗೂದಿಲ್ಲಲೇ ಆಪರೇಶನ್‌ಗೆ.’

‘ಯಾಕ ಕಾಕಾ?’

‘ದನಿ ತಗದ ಮ್ಯಾಲೆ ಉಳಿಯೂದು ಏನು? ಊರ ಮಂದಿ ಸಾವೆಲ್ಲಾ ನಾ ಸಾರೀನಿ. ನಂದ ಸಾರಾಕ ಮಂದಿ ಹುಡುಕಬೇಕೇನು?’

‘ನಾ ಸಾರ್ತೀನಿ ಬಿಡ್ರಿ, ನಿಮ್ಮ ದನಿಯಾಗ’ ಅಂದೆ.

ಮುಂದಿನ ಸೀಟಿನವನು ತಿರುಗಿ ನನ್ನನ್ನೊಮ್ಮೆ ನೋಡಿದ. ಕಾಕಾ ನಗಲಿಲ್ಲ. ನನ್ನ ತಮಾಷೆಗೆ ನಗದಿರುವವರು ಬಹಳ ಇದ್ದಾರೆ. ಕಾಕಾ ಆವರೆಗೆ ಅವರಲ್ಲಿ ಒಬ್ಬರಾಗಿರಲಿಲ್ಲ.

ಮನೆಗೆ ಬಂದ ಮೇಲೆ ಕಾಕಿ, ಅಂದರೆ ಅವರ ಹೆಂಡತಿ, ಅತ್ತರು, ಬೈದರು, ಊಟ ಬಿಟ್ಟರು. ಕಾಕಾ ಜಗ್ಗಲಿಲ್ಲ. ಆಗ ನಾನು ಬಾಯಿ ಹಾಕಿದೆ. ಈಗ ಕಂಪ್ಯೂಟರಿಗೆ ಮನುಷ್ಯರ ದನಿ ಕಲಿಸಬಹುದು. ನಿಮ್ಮ ಹಳೆಯ ರೆಕಾರ್ಡಿಂಗ್ ಕೊಟ್ಟರೆ ಅದು ಕಲಿಯುತ್ತದೆ. ಆಮೇಲೆ ನೀವು ಟೈಪ್ ಮಾಡಿದ್ದನ್ನು ನಿಮ್ಮ ದನಿಯಲ್ಲೇ ಹೇಳುತ್ತದೆ ಎಂದೆ. ಕಾಕಿ ನೀರು ತರಲು ಹೊರಗೆ ಹೋದದ್ದನ್ನು ನೋಡಿಕೊಂಡು ಕಾಕಾ ನನ್ನನ್ನು ಹತ್ತಿರ ಕರೆದರು.

‘ಆತು. ಮಷೀನ್ ಆಕಿನ್ನ ಕರೀಲಿ. ದಿನಾ ನಾ ಹೆಂಗ ಕರೀತೀನಿ ಹಂಗ, “ಏ, ಒಳಗ ಅದಿಯೇನ?” ಅಂತ. ಆಕಿ ತಿಳೀದಂಗ “ಬಂದೆರಿ” ಅನ್ಲಿ. ಅಂದ್ರ ಗಾಡಿ ಹತ್ತತೀನಿ. ಆಕಿಗೆ ಮೊದಲ ಏನೂ ಹೇಳಬಾರ್ದು.’ ನನ್ನ ಗಲ್ಲ ಹಿಡಿದು ಹಿಂಡಿದರು. ‘ಮತ್ತ ನೀ ಬಾಯಿ ಬಿಡಬಾರ್ದು, ಮಂಗ್ಯಾ. ಮಷೀನೇ ಕರೀಬೇಕು.’

ಈ ಎಚ್ಚರಿಕೆಗೆ ಕಾರಣವಿತ್ತು. ಪರದೆಯ ಈಚೆ ನಿಂತು ಕಾಕಾನ ದನಿಯಲ್ಲಿ ಕರೆದು ಕಾಕಿಯನ್ನು ನಾನು ಎಷ್ಟೋ ಸಲ ಒಲೆ ಬಿಟ್ಟು ಓಡಿಬರುವಂತೆ ಮಾಡಿದ್ದೆ, ಲಟ್ಟಣಿಗೆಯಿಂದ ಹೊಡೆತವನ್ನೂ ತಿಂದಿದ್ದೆ.

ಕಂಪ್ಯೂಟರಿಗೆ ದನಿ ಕಲಿಸುವುದೆಂದರೆ ಹೀಗೆ. ರೆಕಾರ್ಡಿಂಗುಗಳನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನ ಮಾತನ್ನೂ ಬರೆದು ಕೊಡಬೇಕು. ಪ್ರೋಗ್ರಾಮು ಆ ಬರಹವನ್ನು ತಾನೇ ಓದಿ ನೋಡಿ, ಅಸಲಿ ದನಿಯೊಂದಿಗೆ ಹೋಲಿಸಿ, ಎಷ್ಟು ತಪ್ಪಾಯಿತು ಎಂಬುದನ್ನು ಒಂದು ಸಂಖ್ಯೆಯಾಗಿ ತೋರಿಸುತ್ತದೆ. ತಿದ್ದಿಕೊಂಡು ಮತ್ತೆ ಓದುತ್ತದೆ. ಲಕ್ಷಗಟ್ಟಲೆ ಸಲ. ಸಂಖ್ಯೆ ಇಳಿದಷ್ಟೂ ದನಿ ಹತ್ತಿರ ಬರುತ್ತದೆ. ನಾನು ದನಿ ಕಲಿಯುವುದೂ ಹಾಗೆಯೇ; ನನಗೆ ಒಂದು ಬೆಂಚು ಇದ್ದರೆ ಸಾಕು, ಅದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಬೇಕು. ನಮ್ಮ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಅದಿರಲಿಲ್ಲ, ಹಾಕಿದರೂ ಅದರ ಪವರ್ ಸಪ್ಲೈ ತಾಳುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ದನಿ ಮಾಡಿಕೊಡುವ ಸೈಟುಗಳನ್ನು ಪ್ರಯತ್ನಿಸಿದೆ. ಎಲ್ಲವೂ ಕಾಕಾನ ದನಿಗೆ ಇಸ್ತ್ರಿ ಮಾಡಿ ಟಿವಿ ವಾರ್ತೆ ಓದಲು ಕೂರಿಸಿದವು. ಕೊನೆಗೆ ಎಲ್ಲ ಕೆಲಸವನ್ನೂ ಪ್ರೊಸೆಸರಿನ ತಲೆಗೇ ಕಟ್ಟಿ ಶುರು ಮಾಡಿದೆ. ಮುಗಿಯುವ ವೇಳೆ ತೋರಿಸುವ ಸಾಲು ಒಂದಿಷ್ಟು ಹೊತ್ತು ಅತ್ತಿತ್ತ ತೂಗಾಡಿ ಒಂದು ಕಡೆ ನಿಂತಿತು. ಆಪರೇಶನ್ ಆದ ಮೇಲಿನ ಬುಧವಾರ.

ಕಂಪ್ಯೂಟರ್ ರಿಪೇರಿ ಅಂಗಡಿಯ ದೋಸ್ತನನ್ನು ಕರೆದೆ. ಅವನು ಪೆಟ್ಟಿಗೆಯ ಬದಿ ತೆಗೆದು ಟಾರ್ಚ್ ಬಿಟ್ಟು ನೋಡಿ ಶಿಳ್ಳೆ ಹಾಕಿದ.

‘ಅರೇ ಯಾರ್, ಇದರ ಪ್ರೊಸೆಸರ್ ಲಾಕ್ ಇಲ್ಲದ್ದು! ಎಲ್ಲಿಂದ ತಂದೀರಿ?’

ಸಾಣಾಪುರದ ಒಂದು ರೆಸಾರ್ಟಿನ ಮಾಲೀಕನ ಮಗ ಗೇಮ್ ಆಡಿ ಬೇಸತ್ತು ಮಾರಿದ ಮಷೀನು ಅದು.

‘ಓವರ್‌ಕ್ಲಾಕ್ ಮಾಡೂಣು’ ಅಂದ. ‘ಕಂಪನಿ ಇಟ್ಟಿದ್ದ ಸ್ಪೀಡಿಗಿಂತ ಜಾಸ್ತಿ ಓಡಸೂದು. ಐತವಾರದೊಳಗ ಮುಗೀತೈತಿ.’

‘ನೀ ಮೊದಲ ಎಷ್ಟ ಸರ್ತಿ ಮಾಡೀಯಿ?’

‘ವಿಡಿಯೋದಾಗ ಭಾಳ ಸರ್ತಿ ನೋಡೀನಿ.’

‘ನೋಡೂದು, ಮಾಡೂದು ಒಂದೇನಲೇ?’

‘ನಮ್ಮ ಶಾದಿನೂ ಹಂಗ ಆತು, ಯಾರ್. ನಡದೈತಲ್ಲ?’

ಅವನ ಸಂಸಾರದ ಬಗ್ಗೆ ನನಗೆ ಗೊತ್ತಿದ್ದುದರಿಂದ ಧೈರ್ಯ ಬರಲಿಲ್ಲ. ಆದರೆ ಬೇರೆ ದಾರಿ ಇರಲಿಲ್ಲ.

ಲೆಕ್ಕ ಸರಳ. ಪ್ರೊಸೆಸರಿನ ಮೂಲ ಗಡಿಯಾರ ನೂರು ಮೆಗಾಹರ್ಟ್ಸ್. ಅದನ್ನು ಒಂದು ಗುಣಕದಿಂದ ಗುಣಿಸಿದರೆ ವೇಗ. ಕಂಪನಿ ಇಟ್ಟ ಗುಣಕ ಮೂವತ್ತೈದು, ಅಂದರೆ ಮೂರೂವರೆ ಗಿಗಾಹರ್ಟ್ಸ್. ಗುಣಕ ಏರಿಸಿದರೆ ವೇಗ ಏರುತ್ತದೆ. ವೇಗ ಏರಿದರೆ ಹೆಚ್ಚಿನ ವೋಲ್ಟೇಜ್ ಬೇಡುತ್ತದೆ. ವೋಲ್ಟೇಜ್ ಕೊಟ್ಟರೆ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಇಲ್ಲವೇ ಕೈ ಎತ್ತುತ್ತದೆ. ಹಾಗಾಗಿ ಮೊದಲು ತಂಪಿನ ವ್ಯವಸ್ಥೆ.

ಪ್ರೊಸೆಸರಿನ ಮೇಲಿದ್ದ ಫ್ಯಾನು ಬಿಚ್ಚಿದಾಗ ಗಂಗಾವತಿಯ ಅಕ್ಕಿ ಗಿರಣಿಗಳೆಲ್ಲ ಅದರೊಳಗಿದ್ದವು. ರೆಕ್ಕೆಗಳ ನಡುವೆ ತೌಡಿನ ಧೂಳು ರೊಟ್ಟಿಯಂತೆ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಕಂದು ಬಣ್ಣದ ಒಂದು ಪದರ. ಅದು ಕಾಕಾನ ಬೀಡಿ ಹೊಗೆ. ಬ್ರಶ್ ಹಚ್ಚಿ ಉಜ್ಜುವಾಗ ದೋಸ್ತ ಏನೋ ಹೇಳಲು ಹೊರಟು, ಕಾಕಾ ಅಲ್ಲೇ ಕೂತಿದ್ದನ್ನು ನೋಡಿ ಸುಮ್ಮನಾದ. ಕಾಕಾ ಆ ಕಂದು ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ ಪಂಜೆಗೆ ಒರೆಸಿಕೊಂಡರು.

ಒಣಗಿ ಸುಣ್ಣವಾಗಿದ್ದ ಹಳೆಯ ಪೇಸ್ಟನ್ನು ಸ್ಪಿರಿಟ್ಟಿನಿಂದ ತೆಗೆದು, ಪ್ರೊಸೆಸರಿನ ನಡುವೆ ಹೆಸರುಕಾಳಿನಷ್ಟು ಹೊಸದು ಹಾಕಿದೆವು. ಈ ಪೇಸ್ಟು ಪ್ರೊಸೆಸರಿನ ಶಾಖವನ್ನು ಮೇಲಿನ ಲೋಹಕ್ಕೆ ದಾಟಿಸುತ್ತದೆ. ದೋಸ್ತನ ಅಂಗಡಿಯಿಂದ ತಂದ ಕೂಲರ್ ಎಷ್ಟು ದೊಡ್ಡದೆಂದರೆ ಪೆಟ್ಟಿಗೆಯ ಬದಿ ಮುಚ್ಚಲಾಗಲಿಲ್ಲ. ತೆರೆದೇ ಬಿಟ್ಟು ಮುಂದೆ ಟೇಬಲ್ ಫ್ಯಾನು ಇಟ್ಟೆವು. ಆಪರೇಶನ್ ಥಿಯೇಟರಿನಂತೆ ಕಾಣುತ್ತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಂಯಮ.

ಗುಣಕ ಮೂವತ್ತೆಂಟು. ಪರೀಕ್ಷೆಯ ಪ್ರೋಗ್ರಾಮು ಹಚ್ಚಿದೆವು. ಅದು ಪ್ರೊಸೆಸರಿಗೆ ಉಸಿರಾಡಲು ಬಿಡದೆ ಲೆಕ್ಕ ಮಾಡಿಸುತ್ತದೆ. ಪಾಸು. ನಲವತ್ತು, ಪಾಸು. ನಲವತ್ತೆರಡಕ್ಕೆ ವೋಲ್ಟೇಜನ್ನು ನಾವೇ ಕೈಯಾರೆ ಸ್ವಲ್ಪ ಏರಿಸಿದೆವು. ಪಾಸು. ನನಗೆ ಸೊಕ್ಕು ಬಂತು.

‘ನಲವತ್ತಾರಕ್ಕ ಹಾರೂಣು’ ಅಂದೆ.

‘ಒಂದೊಂದ ಮೆಟ್ಟಲಾ ಏರು ಅಂತ ವಿಡಿಯೋದಾಗ ಹೇಳ್ಯಾನ.’

‘ಅವನ ಕಾಕಾ ಅರಾಮ ಅದಾನ. ಅವ ಒಂದೊಂದ ಏರ್ತಾನ.’

ಹಾರಿದೆವು. ಕಂಪ್ಯೂಟರಿನ ಸ್ಕ್ರೀನು ಕಪ್ಪಾಯಿತು. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಚಿತ್ರವಿಲ್ಲ. ಬಂದ್ ಮಾಡಿ ಹಚ್ಚಿದೆವು, ಮತ್ತೆ ಬಂದ್ ಮಾಡಿ ಹಚ್ಚಿದೆವು, ಇಲ್ಲ. ಚಹಾ ತಂದ ಕಾಕಿ ತಟ್ಟೆ ಹಿಡಿದು ನಿಂತು ಕೇಳಿದರು, ‘ಸತ್ತೇತೇನಪಾ?’ ಕಾಕಾ ಕುರ್ಚಿಯಿಂದ ಏಳದೆ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೈಗುಳ ಇರಲಿಲ್ಲ. ಬಿಡುಗಡೆಯಾದಂಥ ಏನೋ ಇತ್ತು. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ದೋಸ್ತ ಮದರ್‌ಬೋರ್ಡಿನ ಮೇಲಿದ್ದ ಗುಂಡನೆಯ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿದ. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಮಷೀನು ನಾವು ಹೇಳಿದ್ದನ್ನೆಲ್ಲ ಮರೆತು ಕಂಪನಿಯ ಮಾತಿಗೆ ಮರಳುತ್ತದೆ. ಮತ್ತೆ ಹಾಕಿದಾಗ ಚಿತ್ರ ಬಂತು. ದೋಸ್ತ ನನ್ನ ಬೆನ್ನಿಗೆ ಗುದ್ದಿದ. ಅದರಲ್ಲಿ ಸಂತೋಷ ಕಡಿಮೆ, ಸಿಟ್ಟು ಜಾಸ್ತಿ ಇತ್ತು.

ಆಮೇಲೆ ಒಂದೊಂದೇ ಮೆಟ್ಟಿಲು. ನಲವತ್ಮೂರಕ್ಕೆ ಸ್ಕ್ರೀನು ನೀಲಿಯಾಗಿ ಮಷೀನು ಬಿತ್ತು. ವೋಲ್ಟೇಜ್ ಕೂದಲೆಳೆಯಷ್ಟು ಏರಿಸಿದ ಮೇಲೆ ನಿಂತಿತು. ನಲವತ್ನಾಲ್ಕು ನಿಂತಿತು. ಆದರೆ ಹಿಂದಿನ ಬೀದಿಯ ಗಿರಣಿಯ ಮೋಟಾರು ಶುರುವಾದ ಕೂಡಲೇ ಕರೆಂಟು ಬಾಗಿ ಮಷೀನು ಹೆಪ್ಪುಗಟ್ಟಿತು. ಕಾರಣ ತಿಳಿಯದೆ ಅರ್ಧ ದಿನ ವೋಲ್ಟೇಜಿನ ಜೊತೆ ಗುದ್ದಾಡಿದೆವು. ಕೊನೆಗೆ ಕಾಕಿಯೇ, ‘ಗಿರಣಿ ಚಾಲೂ ಆದ್ರ ನಮ್ಮ ಫ್ರಿಜ್ಜೂ ನಡಗತೈತಿ’ ಅಂದು, ಫ್ರಿಜ್ಜಿನ ಸ್ಟೆಬಿಲೈಸರ್ ಬಿಚ್ಚಿಕೊಟ್ಟರು. ಆ ವಾರ ಮನೆಯಲ್ಲಿ ಹಾಲು ಒಡೆಯಿತು, ಮಷೀನು ಓಡಿತು. ನಾಲ್ಕು ಪಾಯಿಂಟ್ ನಾಲ್ಕು. ಬಿಸಿ ಎಂಬತ್ತು ಡಿಗ್ರಿಯ ಮೇಲೆ, ತೊಂಬತ್ತರ ಕೆಳಗೆ. ಮುಗಿಯುವ ವೇಳೆಯ ಸಾಲು ಬುಧವಾರದಿಂದ ಹಿಂದೆ ಸರಿದು ಶನಿವಾರಕ್ಕೆ ಬಂತು.

ಮಷೀನು ಓಡುತ್ತಿದ್ದ ದಿನಗಳಲ್ಲಿ ಗಿರಾಕಿಗಳು ನಿಲ್ಲಲಿಲ್ಲ. ಸಾವು ಯಾರನ್ನೂ ಕಾಯುವುದಿಲ್ಲ. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಿಂದ ಒಬ್ಬರು ತಂದೆ ತೀರಿಕೊಂಡ ಸುದ್ದಿ ತಂದರು. ಕಾಕಾ ಮೈಕಿನ ಮುಂದೆ ಕೂತು, ‘ತಿಳಿಸಲು ವಿಷಾದ’ ಅನ್ನುವಷ್ಟರಲ್ಲಿ ಕೆಮ್ಮು ಹತ್ತಿ, ಕರವಸ್ತ್ರ ಬಾಯಿಗೆ ಒತ್ತಿಕೊಂಡು ಎದ್ದುಬಿಟ್ಟರು. ಆ ಕರವಸ್ತ್ರವನ್ನು ಮಡಚಿ ಜೇಬಿಗೆ ಇಳಿಸಿದ ರೀತಿ ಕಂಡು ಅದರಲ್ಲಿ ಏನಿದೆ ಅಂತ ನಾನು ಕೇಳಲಿಲ್ಲ. ಕೈಸನ್ನೆ ಮಾಡಿದರು: ನೀನೇ ಹೇಳು. ನಾನು ಅವರ ದನಿಯಲ್ಲಿ ಹೇಳಿದೆ. ರೆಕಾರ್ಡಿಂಗ್ ಕೋಣೆಯ ಹೊರಗೆ ಕೂತು ಸ್ಪೀಕರಿನಲ್ಲಿ ಕೇಳಿದ ಗಿರಾಕಿ ಕಣ್ಣೊರೆಸಿಕೊಂಡು, ‘ನಿಮ್ಮ ದನಿಯಾಗ ಕೇಳಿದ ಮ್ಯಾಲೆ ಸಮಾಧಾನಾತ್ರಿ’ ಎಂದು ಕಾಕಾನಿಗೆ ಕೈ ಮುಗಿದು ಹೋದರು. ಸಂಜೆ ಗಂಗಾವತಿಯದೇ ಇನ್ನೊಂದು ಸಾವಿಗೆ ನಾನು ಅದೇ ದನಿಯಲ್ಲಿ ಹೇಳಿದ ಸುದ್ದಿಯನ್ನು ಹೊತ್ತ ಆಟೋ ಅಂಗಡಿಯ ಮುಂದೆಯೇ ಹಾದುಹೋಯಿತು. ಓಣಿಯಲ್ಲಿ ಒಬ್ಬರೂ ತಲೆ ಎತ್ತಿ ಅನುಮಾನಿಸಲಿಲ್ಲ.

‘ನೋಡಿದೇನ?’ ಅಂದರು ಕಾಕಾ. ‘ಯಾರಿಗೂ ಫರಕ ಬೀಳಲಿಲ್ಲ.’

ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವ ದನಿಯನ್ನೂ ನಾನು ತೆಗೆದಿರಲಿಲ್ಲ. ಅಷ್ಟು ಕೆಟ್ಟದಾಗಿ ಯಾವತ್ತೂ ಅನ್ನಿಸಿರಲಿಲ್ಲ.

ಪೂರ್ತಿ ಮುಗಿಯುವ ಮೊದಲೇ ಒಮ್ಮೆ ಕೇಳಿ ನೋಡೋಣ ಎಂದು ಬುಧವಾರ ಮಧ್ಯಾಹ್ನ ತರಬೇತಿ ನಿಲ್ಲಿಸಿದೆ. ಕಾಕಿ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಕಾಕಾ, ದೋಸ್ತ, ನಾನು ಸ್ಪೀಕರಿನ ಮುಂದೆ. ‘ಏ, ಒಳಗ ಅದಿಯೇನ?’ ಎಂದು ಟೈಪ್ ಮಾಡಿ ಒತ್ತಿದೆ.

ದನಿ ಕಾಕಾನದೇ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ‘ಏ’ ಎಂಬುದು ನಾಲ್ಕು ಓಣಿ ದಾಟಿ ಬಂದಂತೆ ಎಳೆಯಿತು. ‘ಒಳಗ’ ಎಂಬುದು ಗುಂಯ್ ಎಂದು ಪ್ರತಿಧ್ವನಿಸಿತು. ‘ಅದಿಯೇನ’ ಕೆಳಗಿಳಿದು ಇಳಿದು, ಅಂತ್ಯಕ್ರಿಯೆಯ ಸಮಯ ಹೇಳುವ ಹಾಗೆ ನಿಂತಿತು. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಕಾಕಿ ಹಿಟ್ಟಿನ ಕೈಯಲ್ಲೇ ಪರದೆ ಸರಿಸಿ ಬಂದರು. ಮುಖ ಬಿಳಿಚಿತ್ತು.

‘ಯಾರು ತೀರಿಕೊಂಡ್ರು?’

ಕಾಕಾ ನಕ್ಕರು. ಬಸ್ಸಿನ ಆ ದಿನದ ನಂತರ ಮೊದಲ ಸಲ. ನಗು ಕೆಮ್ಮಿಗೆ ತಿರುಗಿತು, ಕರವಸ್ತ್ರ ಹೊರಬಂತು, ಈ ಸಲ ಕಾಕಿಯೂ ನೋಡಿದರು.

ತಪ್ಪು ಪ್ರೊಸೆಸರಿನದಲ್ಲ, ನಾವು ಕೆಲಸ ಮಾಡುವ ರೀತಿಯದು. ನಾನು ತರಬೇತಿಗೆ ಕೊಟ್ಟ ರೆಕಾರ್ಡಿಂಗುಗಳಲ್ಲಿ ಹೆಚ್ಚಿನವು ನಿಧನ ವಾರ್ತೆಗಳು. ಪ್ರಚಾರಕ್ಕೆಂದು ನಾವು ಎಲ್ಲದಕ್ಕೂ ಎಕೋ ಹಾಕುತ್ತೇವೆ. ಎಕೋ ಇಲ್ಲದಿದ್ದರೆ ಗಿರಾಕಿ ಹಣ ಕೊಡಲು ಹಿಂದೆಮುಂದೆ ನೋಡುತ್ತಾನೆ. ಹಾಕಿದ ಮೇಲೆ ಮೂಲದ ಸಾದಾ ದನಿಯನ್ನು ಜಾಗ ತಿನ್ನುತ್ತದೆಂದು ಅಳಿಸಿಬಿಡುತ್ತೇವೆ. ಎಕೋವನ್ನು ಅಷ್ಟಿಷ್ಟು ಸೋಸಬಹುದು, ಧಾಟಿಯನ್ನು ಸೋಸಲಾಗದು. ಮಷೀನಿಗೆ ನಾನು ಕಲಿಸಿದ್ದು ಕಾಕಾ ಹೇಗೆ ಸಾವು ಸಾರುತ್ತಾರೆ ಎಂಬುದನ್ನು. ಅದು ಶ್ರದ್ಧೆಯಿಂದ ಅದನ್ನೇ ಕಲಿತಿತ್ತು.

‘ಮನಿಯಾಗ ಮಾತಾಡಿದ್ದು ಎಲ್ಲೆರ ಐತೇನ?’ ದೋಸ್ತ ಕೇಳಿದ.

ಕಾಕಿಯ ಫೋನಿನಲ್ಲಿ ಕಾಕಾನ ಒಂದು ಮಾತೂ ಇರಲಿಲ್ಲ. ಪರದೆಯಾಚೆ ಇರುವ ಹೆಂಡತಿಗೆ ಯಾರು ಮೆಸೇಜ್ ಕಳಿಸುತ್ತಾರೆ? ನನ್ನ ಫೋನಿನಲ್ಲಿ ಇತ್ತು. ಕಾಕಾ ಟೈಪ್ ಮಾಡುವವರಲ್ಲ. ನಾನು ವೇಳೆಗೆ ಸರಿಯಾಗಿ ಬರುವವನಲ್ಲ. ವರ್ಷಗಳ ವಾಯ್ಸ್ ಮೆಸೇಜುಗಳು. ‘ಎಲ್ಲಿ ಹಾಳಾಗಿ ಹೋಗೀಯಲೇ, ಗಿರಾಕಿ ಕುಂತಾರ!’ ‘ಬರೂವಾಗ ಹಾಲು ತಾ, ನಿಮ್ಮ ಕಾಕಿ ಹೇಳ್ಯಾಳ.’ ‘ಮಂಗ್ಯಾನ ಮಗನ, ಬಿಸ್ಕೀಟಿನ ಕೂಸಿಗೆ ಮುದುಕಿ ದನಿ ಹಾಕೀಯಲ್ಲೋ!’ ಎಕೋ ಇಲ್ಲದ, ಸಂಗೀತ ಇಲ್ಲದ, ಜೀವಂತ ಬೈಗುಳ. ನನ್ನ ಸೋಮಾರಿತನ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಅವನ್ನೆಲ್ಲ ಕತ್ತರಿಸಿ, ಒಂದೊಂದು ಬೈಗುಳವನ್ನೂ ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿ, ಆಗಲೇ ಕಲಿತಿದ್ದ ದನಿಯ ಮೇಲೆಯೇ ಹೊಸ ತರಬೇತಿ ಹಚ್ಚಿದೆ. ಸಾಲು ಮತ್ತೆ ಮುಂದಕ್ಕೆ ಹೋಗಿ ಭಾನುವಾರ ಮಧ್ಯಾಹ್ನ ತೋರಿಸಿತು. ಭಾನುವಾರ ಮುಂಜಾನೆ ಗಾಡಿ.

‘ನಲವತ್ತೇಳಕ್ಕ ಏರಸೂಣು’ ಅಂದೆ. ದೋಸ್ತ ಬೇಡ ಅನ್ನಲಿಲ್ಲ. ಕಾಕಾನ ಕರವಸ್ತ್ರವನ್ನು ಅವನೂ ನೋಡಿದ್ದ.

ವೋಲ್ಟೇಜ್ ಏರಿಸಿ ಏರಿಸಿ ನಲವತ್ತೇಳನ್ನು ನಿಲ್ಲಿಸಿದೆವು. ಬಿಸಿ ತೊಂಬತ್ತು ದಾಟಿತು. ಪರೀಕ್ಷೆಯನ್ನು ಪೂರ್ತಿ ಓಡಿಸುವಷ್ಟು ವ್ಯವಧಾನ ಇರಲಿಲ್ಲ. ಮಷೀನು ಬೀಳುತ್ತಿಲ್ಲವಲ್ಲ, ಸಾಕು ಎಂದುಕೊಂಡೆವು. ಅದೇ ದೊಡ್ಡ ತಪ್ಪು. ಮಿತಿ ಮೀರಿದ ಪ್ರೊಸೆಸರು ಪ್ರತಿ ಸಲವೂ ಬಿದ್ದೇ ತೋರಿಸುವುದಿಲ್ಲ. ಕೆಲವೊಮ್ಮೆ ನಿಂತುಕೊಂಡೇ ಲೆಕ್ಕ ತಪ್ಪುತ್ತದೆ.

ಶನಿವಾರ ಬೆಳಿಗ್ಗೆ ಬಂದು ನೋಡಿದಾಗ ಫ್ಯಾನುಗಳು ಓಡುತ್ತಿದ್ದವು, ಸಾಲುಗಳು ಮೇಲಕ್ಕೆ ಸರಿಯುತ್ತಿದ್ದವು. ಆದರೆ ತಪ್ಪಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ಸಂಖ್ಯೆಯೇ ಇರಲಿಲ್ಲ. ‘ಇದು ಸಂಖ್ಯೆಯಲ್ಲ’ ಎಂದು ಸೂಚಿಸುವ ಮೂರಕ್ಷರ, ಸಾಲು ಸಾಲಾಗಿ. ಎಲ್ಲೋ ಒಂದು ಲೆಕ್ಕ ಕೆಟ್ಟು, ಅದರಿಂದ ಮುಂದಿನದು, ಅದರಿಂದ ಅದರ ಮುಂದಿನದು. ಮಷೀನು ಎಷ್ಟೋ ಹೊತ್ತಿನಿಂದ ಏನನ್ನೂ ಕಲಿಯದೆ ಬರೀ ಬಿಸಿಯಾಗುತ್ತ ಕೂತಿತ್ತು. ಒತ್ತಿ ನೋಡಿದರೆ ಸ್ಪೀಕರಿನಿಂದ ಬಿಸಿ ಎಣ್ಣೆಗೆ ನೀರು ಬಿದ್ದ ಸಪ್ಪಳ. ಜಾಗ ಉಳಿಸಲೆಂದು ಹಳೆಯ ಪ್ರತಿಗಳನ್ನು ಅಳಿಸುತ್ತ ಹೋಗುವಂತೆ ಪ್ರೋಗ್ರಾಮಿಗೆ ನಾನೇ ಹೇಳಿಟ್ಟಿದ್ದೆ. ಒಳ್ಳೆಯವೆಲ್ಲ ಹೋಗಿ ಕೆಟ್ಟವು ಉಳಿದಿದ್ದವು. ಗುರುವಾರ ಸಂಜೆ ದೋಸ್ತನಿಗೆ ಕೇಳಿಸಲು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ ಅರೆಬೆಂದ ಪ್ರತಿಯೊಂದು ಮಾತ್ರ ಬದುಕಿತ್ತು.

ದೋಸ್ತ ಪೆನ್‌ಡ್ರೈವ್ ತಂದುಕೊಟ್ಟ. ‘ನಲವತ್ನಾಲ್ಕಕ್ಕ ಇಡ್ಲೇನು?’ ಎಂದು ಕೇಳಿದ.

‘ಬ್ಯಾಡ. ಬ್ಯಾಟ್ರಿ ತಗಿ.’

ಬ್ಯಾಟರಿ ತೆಗೆದು ಹಾಕಿದ. ಗುಣಕ ಮೂವತ್ತೈದು, ಕಂಪನಿಯ ವೇಗ. ಅಷ್ಟು ಬಿಸಿ ಉಂಡ ಪ್ರೊಸೆಸರಿನ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ನಿಧಾನವಾಗಿ ಎಷ್ಟು ಕಲಿಯುತ್ತದೋ ಅಷ್ಟೇ; ಅದರಲ್ಲಿ ತಪ್ಪು ಇರಬಾರದು.

ಅವನು ಹೋದ ಮೇಲೆ ರೆಕಾರ್ಡಿಂಗ್ ಕೋಣೆಯ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ನಿಂತೆ. ‘ಏ, ಒಳಗ ಅದಿಯೇನ?’ ಕಾಕಾನ ದನಿ, ಕಾಕಾನ ಅವಸರ, ಕೊನೆಯಲ್ಲಿ ಆ ಸಣ್ಣ ಹುಸಿಕೋಪ. ಒಂದೇ ಸಲಕ್ಕೆ ಬಂತು. ಕಾಕಿ ಇದಕ್ಕೆ ಬರುತ್ತಾರೆ, ಅನುಮಾನವೇ ಇಲ್ಲ. ಸ್ಪೀಕರಿನಿಂದ ಹಾಕಿದರೆ ಮಷೀನೋ ನಾನೋ ಕಾಕಾನಿಗೂ ಗೊತ್ತಾಗದು. ಗಾಡಿ ಹತ್ತುತ್ತಾರೆ. ಜೀವ ಉಳಿಯುತ್ತದೆ.

ಆ ಫೈಲನ್ನು ಎಷ್ಟೋ ಸಲ ಕೇಳಿದೆ. ಆಪರೇಶನ್ ಮುಗಿಸಿ ಬಂದು ಕಾಕಾ ಮೊದಲ ಮಾತು ಟೈಪ್ ಮಾಡಿ ಒತ್ತುವ ದಿನ ಕಣ್ಣ ಮುಂದೆ ಬಂತು. ಆಗ ಈ ದನಿ ಬರುವುದಿಲ್ಲ, ಅರೆಬೆಂದದ್ದೇ ಬರುತ್ತದೆ. ಒಂದು ಸುಳ್ಳು ನಂಬಿ ಗಂಟಲು ಕೊಟ್ಟೆ ಅಂತ ಆ ಮನುಷ್ಯನಿಗೆ ತಿಳಿಯುತ್ತದೆ. ತಿಳಿದ ಮೇಲೆ ನನಗೆ ಬೈಯಲು ದನಿಯೂ ಇರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ನನ್ನ ಪ್ರಾಮಾಣಿಕತೆಯ ದೆಸೆಯಿಂದ ಅವರು ಸತ್ತರೆ ಅದನ್ನು ಸಾರಬೇಕಾದವನೂ ನಾನೇ. ಎರಡನ್ನೂ ತೂಗಿದೆ. ಯಾವುದು ಸರಿ ಎಂದು ಈಗಲೂ ಖಾತ್ರಿಯಿಲ್ಲ. ಫೈಲನ್ನು ಅಳಿಸಿದೆ.

ಭಾನುವಾರ ಮುಂಜಾನೆ ಬಾಡಿಗೆ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಕಾಕಾ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಸ್ಪೀಕರಿನ ಮುಂದೆ ಕೂತಿದ್ದರು. ಚೀಲ ಕಟ್ಟಿರಲಿಲ್ಲ. ಕಾಕಿ ಒಳಗೆ ಪಾತ್ರೆ ಸರಿಸುತ್ತಿದ್ದರು.

‘ಪೂರಾ ಆಗಿಲ್ಲ ಕಾಕಾ’ ಅಂದೆ. ‘ಎಷ್ಟ ಆಗೈತಿ ಅಷ್ಟ ಕೇಳಸ್ತೀನಿ.’

‘ನಿಂದಲ್ಲಲ್ಲ?’

‘ನಂದಾಗಿದ್ರ ಇದಕ್ಕಿಂತ ಛಲೋ ಇರ್ತಿತ್ರಿ.’

ಒತ್ತಿದೆ. ‘ಏ, ಒಳಗ ಅದಿಯೇನ?’ ಧಾಟಿ ಮನೆಯದಾಗಿತ್ತು, ಸಾವು ಸಾರುವುದಾಗಿರಲಿಲ್ಲ. ಆದರೆ ತಗಡಿನ ಡಬ್ಬಿಯೊಳಗಿಂದ ಬಂದಂತಿತ್ತು, ಕೊನೆಯ ‘ನ’ದ ಬಾಲ ಸೀಳಿ ಹಿಸ್ಸೆಂದಿತು. ನಾನು ತಲೆ ತಗ್ಗಿಸಿದೆ.

ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ.

‘ಬಂದೆರಿ, ಬಂದೆ! ಮುಂಜಾಮುಂಜಾನೆ ಎಷ್ಟ ಚೀರತೀರಿ?’

ಕಾಕಾ ಪರದೆಯನ್ನು ನೋಡುತ್ತ ಕೂತರು. ಕಾಕಿ ಕೈ ಒರೆಸಿಕೊಳ್ಳುತ್ತ ಬಂದು, ‘ಏನ್ರಿ?’ ಎಂದು ಕಾಕಾನನ್ನೇ ಕೇಳಿದರು, ಸ್ಪೀಕರಿನ ಕಡೆ ನೋಡಲೇ ಇಲ್ಲ. ಕಾಕಾ ಎದ್ದು, ಉಳಿದಿದ್ದ ದನಿಯನ್ನೆಲ್ಲ ಕೂಡಿಸಿ, ‘ಚೀಲ ಕಟ್ಟು’ ಅಂದರು. ಗಾಡಿ ಹತ್ತುವಾಗ ನನ್ನ ಕಿವಿ ಹಿಂಡಿ, ‘“ನ”ದ ಬಾಲ ಸರಿ ಮಾಡಲೇ’ ಅಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಮಷೀನನ್ನು ಕಂಪನಿಯ ವೇಗದಲ್ಲೇ ಓಡಿಸಿದೆ. ಸಂಖ್ಯೆ ನಿಧಾನವಾಗಿ ಇಳಿಯಿತು. ಡಬ್ಬಿಯ ಸಪ್ಪಳ ಹೋಯಿತು. ‘ನ’ದ ಬಾಲ ಸರಿಯಾಯಿತು. ಕಣ್ಣು ಮುಚ್ಚಿ ಕೇಳಿದರೆ ನನಗೂ ಕಾಕಾನಿಗೂ ನಡುವೆ ನಿಂತ ಮೂರನೆಯವನಂತೆ ಇತ್ತು, ನನ್ನ ಅಣಕಕ್ಕಿಂತ ಒಂದು ಕೈ ಮೇಲೆಯೇ.

ಕಾಕಾ ಮನೆಗೆ ಬಂದರು. ಕುತ್ತಿಗೆಯ ನಡುವೆ ಉಸಿರಾಟದ ತೂತು, ಅದರ ಮೇಲೆ ತೆಳುವಾದ ಬಟ್ಟೆ. ಅರ್ಧಕ್ಕರ್ಧ ಇಳಿದಿದ್ದರು. ರೋಗ ಪೂರ್ತಿ ಹೋಗಿದೆಯೇ ಎಂದು ಕೇಳಿದರೆ ಡಾಕ್ಟರು ‘ಹ್ಞೂಂ, ನೋಡೂಣು’ ಅಂದಿದ್ದರಂತೆ. ಮರುದಿನ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ತಾವೇ ಟೈಪ್ ಮಾಡಿ ಒತ್ತಿದರು. ‘ಏ, ಒಳಗ ಅದಿಯೇನ?’ ಸ್ವಚ್ಛವಾದ, ಸಿಟ್ಟಿನ, ಮನೆಯ ದನಿ.

‘ತಮ್ಮಾ, ಯಾರ ಬಂದಾರ ನೋಡಪಾ’ ಅಂದರು ಕಾಕಿ ಒಳಗಿನಿಂದ.

ಕಾಕಾ ಮತ್ತೆ ಒತ್ತಿದರು. ಕಾಕಿ ಬರಲಿಲ್ಲ. ಕಾಕಾ ಪರದೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ ಚಹಾ ಕುಡಿದಿಟ್ಟಿದ್ದ ಸ್ಟೀಲಿನ ಲೋಟ ತೆಗೆದುಕೊಂಡು ಮೇಜಿಗೆ ಕುಟ್ಟಿದರು.

‘ಬಂದೆರಿ!’

ಕಾಕಿ ಬಂದು, ಅವರ ಕುತ್ತಿಗೆಯ ಬಟ್ಟೆ ಸರಿಮಾಡಿ, ಲೋಟ ಎತ್ತಿಕೊಂಡು ಹೋದರು. ನಾನು ಅವರ ಹಿಂದೆಯೇ ಅಡುಗೆಮನೆಗೆ ಹೋದೆ.

‘ಕಾಕಿ, ಆವತ್ತ ಮಷೀನ್ ಕರದಾಗ ಬಂದ್ರಲ್ಲ? ಅವಾಗ ಅದು ಇನ್ನೂ ಕೆಟ್ಟ ಇತ್ತರಿ.’

ಕಾಕಿ ಒಲೆಯ ಉರಿ ಸಣ್ಣ ಮಾಡಿದರು.

‘ಗಾಡಿ ಬಾಗಲದಾಗ ನಿಂತಿತ್ತಲ್ಲಪಾ, ಇವರು ಚೀಲ ಕಟ್ಟದ ಸ್ಪೀಕರ್ ಮುಂದ ಕುಂತಿದ್ರು’ ಅಂದರು. ‘ಬಂದೆ ಅನ್ನಬೇಕಿತ್ತು, ಅಂದೆ.’